ಮಷಿನ್‌ಗೆ ಕಾಳು ತೋರಿಸಿಕೊಟ್ಟವರು

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಕಾಳು ವಿಂಗಡಿಸುವ ಕಾರ್ಖಾನೆ) ಕಲರ್ ಸಾರ್ಟರ್ ನೋಡಿಕೊಳ್ಳುವುದು ನನ್ನ ಕೆಲಸ. ಕ್ಯಾಮೆರಾದಲ್ಲಿ ಬಣ್ಣ ನೋಡಿ, ಕೆಟ್ಟದ್ದು ಅನಿಸಿದ ಕಾಳನ್ನು ಗಾಳಿ ಹೊಡೆದು ರಿಜೆಕ್ಟ್ ಕಡೆ ತಳ್ಳುವ ಮಷಿನ್ ಅದು. "ಮಷಿನ್‌ಗೆ ಪಕ್ಷಪಾತ ಗೊತ್ತಿಲ್ಲ" ಅಂತ ನಮ್ಮ ಮ್ಯಾನೇಜರ್ ಆಗಾಗ ಹೇಳುತ್ತಾರೆ. ಈ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ.

ಕಳೆದ ಸೀಸನ್‌ನಲ್ಲಿ ಸಕಲೇಶಪುರ ಕಡೆಯ ಸಣ್ಣ ಬೆಳೆಗಾರರೊಬ್ಬರ ರೊಬಸ್ಟಾ ಚೆರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಲಾಟ್ ಓಡುತ್ತಿತ್ತು. ಲೋಡ್ ಅರ್ಜೆಂಟು, ಸೆನ್ಸಿಟಿವಿಟಿ ಜಾಸ್ತಿ ಇಡಿ ಅಂತ ಮೇಲಿನಿಂದ ಫೋನು. ಅದು ಜಾಸ್ತಿಯಾದರೆ ಬಣ್ಣದಲ್ಲಿ ಚೂರು ವ್ಯತ್ಯಾಸ ಕಂಡರೂ ಮಷಿನ್ ಕಾಳು ತಳ್ಳುತ್ತದೆ. ಟಕಟಕ ಅಂತ ಗಾಳಿ ಹೊಡೆಯುತ್ತಲೇ ಇತ್ತು. ರಿಜೆಕ್ಟ್ ಚೀಲ ನೋಡನೋಡುತ್ತಲೇ ತುಂಬುತ್ತಿತ್ತು. ಬೆಳೆಗಾರರು ಪಕ್ಕದಲ್ಲೇ ನಿಂತಿದ್ದರು, ಮಾತಿಲ್ಲ. ಅಲ್ಲಿ ಬಿದ್ದ ಕಾಳೆಲ್ಲ ಅವರ ಔಟ್‌ಟರ್ನ್‌ನಿಂದಲೇ, ಅಂದರೆ ಲಾಟ್‌ನಲ್ಲಿ ಸಿಕ್ಕ ಒಳ್ಳೆ ಕಾಳಿನ ಲೆಕ್ಕದಿಂದಲೇ, ಹೋಗುವುದು ತಾನೇ?

ಗಾರ್ಬ್ಲಿಂಗ್‌ನ (ಕೈಯಲ್ಲಿ ಕಾಳು ಆರಿಸುವ ಕೆಲಸದ) ಹಿರಿಯ ಅಕ್ಕ ಬಂದು ಚೀಲಕ್ಕೆ ಕೈ ಹಾಕಿದರು. ಒಂದು ಹಿಡಿ ಅಂಗೈಯಲ್ಲಿ ಉಜ್ಜಿದರು. ಕಂದು ಪೊರೆ ಉದುರಿತು, ಒಳಗೆ ಒಳ್ಳೆ ಕಾಳು. "ಇದು ಕೆಟ್ಟು ಬ್ರೌನ್ ಆದ ಕಾಳಲ್ಲ ಅಣ್ಣ, ಪೊರೆ ಅಂಟಿಕೊಂಡಿದೆ ಅಷ್ಟೆ." ಆಮೇಲೆ ಪಾಸಾದ ಕಡೆಯಿಂದ ಒಂದು ಹಿಡಿ ತೆಗೆದು ಮೂಸಿದರು. ಒಂದು ಕಾಳು ಜಜ್ಜಿ ನನ್ನ ಮೂಗಿಗೆ ಹಿಡಿದರು. ಗಬ್ಬು ನಾತ. ಸ್ಟಿಂಕರ್, ಅಂದರೆ ಒಳಗೇ ಕೆಟ್ಟು ನಾರುವ ಕಾಳು, ಎಷ್ಟೋ ಸಲ ನೋಡುವುದಕ್ಕೆ ಮಾಮೂಲಾಗೇ ಇರುತ್ತದೆ. ನಮ್ಮ ಕ್ಯಾಮೆರಾಕ್ಕೆ ಬಣ್ಣ ಕಾಣುತ್ತದೆ, ವಾಸನೆ ಬರುವುದಿಲ್ಲ.

ಲೈನ್ ನಿಲ್ಲಿಸಿದೆ. ಫೋನ್‌ನಲ್ಲಿ ಬೈಸಿಕೊಂಡೆ. ಸೆಟ್ಟಿಂಗ್ ಇಳಿಸಿ ರಿಜೆಕ್ಟ್ ಅಷ್ಟನ್ನೂ ಮತ್ತೆ ಓಡಿಸಿದೆವು. ಪಾಸಾದ ಮಾಲನ್ನು ಅಕ್ಕಂದಿರ ಟೇಬಲ್‌ಗೆ ಹಾಕಿಸಿದೆ.

ಸೆನ್ಸಿಟಿವಿಟಿ ಏರಿಸಿದರೆ ಒಂದೇ ಸಲ ಓಡಿಸಿ ಕೆಲಸ ಬೇಗ ಮುಗಿದು ಲಾಭ ನಮಗೆ, ನಷ್ಟ ಬೆಳೆಗಾರರಿಗೆ. ಅದನ್ನು ತೀರ್ಮಾನ ಮಾಡಿದ್ದು ಮಷಿನ್ ಅಲ್ಲ. ಇನ್ನೊಂದು ವಿಷಯ. ಸಾರ್ಟರ್ ಬಂದಾಗ ಅದಕ್ಕೆ ತೋರಿಸಲು ಒಳ್ಳೆ ಕಾಳು, ಕೆಟ್ಟ ಕಾಳು ಬೇರೆ ಮಾಡಿಕೊಟ್ಟವರು ಇದೇ ಅಕ್ಕಂದಿರು. ಅವರ ಕಣ್ಣಿನ ಕಸುಬು ಮಷಿನ್ ಒಳಗೆ ಹೋಯಿತು. ಆಮೇಲೆ ಅವರ ಟೇಬಲ್‌ಗಳೇ ಕಮ್ಮಿಯಾದವು.

ಇದು ಹೊಸ ಕತೆಯಲ್ಲ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆ ಕಾಲುಚೀಲ ಹೆಣೆಯುವವರು ಯಂತ್ರ ಒಡೆದರು. ಲಡ್ಡೈಟರು ಅಂತ ಹೆಸರಾದ ಅವರನ್ನು ಈಗಲೂ ಮಷಿನ್ ಕಂಡರಾಗದವರು ಅಂತಾರೆ. ಆದರೆ ಆ ಹೆಣಿಗೆ ಯಂತ್ರ ಹುಟ್ಟಿದ್ದು 1589ರಲ್ಲಿ. ತಲೆಮಾರುಗಳಿಂದ ಅದರ ಮೇಲೇ ದುಡಿದು ತಿಂದವರು ಅವರು. ಅವರ ಸಿಟ್ಟೆಲ್ಲ ಕೂಲಿ ಇಳಿಸಿ ಕಳಪೆ ಮಾಲು ತೆಗೆಯುತ್ತಿದ್ದ ಮಾಲೀಕರ ಮೇಲೆ. 1812ರಲ್ಲಿ ಅಲ್ಲಿನ ಸರ್ಕಾರ ಯಂತ್ರ ಒಡೆದರೆ ಮರಣದಂಡನೆ ಅಂತ ಕಾನೂನನ್ನೇ ತಂದಿತು.

ಸಾರ್ಟರ್ ಬೇಡ ಅಂತ ನಾನು ಹೇಳುವುದಿಲ್ಲ. ದಿನವಿಡೀ ಬಗ್ಗಿ ಕಾಳು ಆರಿಸುವವರ ಕತ್ತುನೋವು ನೋಡಿದ್ದೇನೆ. ಸೆಟ್ಟಿಂಗ್ ಬದಲಿಸುವಾಗ ಗಾರ್ಬ್ಲಿಂಗ್‌ನವರೊಬ್ಬರು ಜೊತೆಗಿರಬೇಕು, ಆ ಹೊತ್ತಿಗೆ ಆಪರೇಟರ್ ಕೂಲಿ ಕೊಡಬೇಕು ಅಂತ ಬರೆದುಕೊಟ್ಟಿದ್ದೇನೆ. ಮೊದಲನೆಯದಕ್ಕೆ ಮ್ಯಾನೇಜರ್ ಒಪ್ಪಿದ್ದಾರೆ. ಕೂಲಿ ವಿಷಯ ಆಮೇಲೆ ನೋಡೋಣ ಅಂದರು. ಹೊಸ ಬೆಳೆ ಬರುವ ಮೊದಲೇ ಮತ್ತೆ ಕೇಳುತ್ತೇನೆ.