ಮಂಡಿ ಬಗ್ಗಿಸಿ ಎತ್ತಿದಿರಾ?

ಆ ರಾತ್ರಿ ವಾರ್ಡಿನಲ್ಲಿ ಡ್ಯೂಟಿಗೆ ಇದ್ದವಳು ನಾನೊಬ್ಬಳೇ. ಹಾಸಿಗೆಯ ಕಾಲ್ದೆಸೆಗೆ ಜಾರಿದ್ದ ರೋಗಿಯ ಕಂಕುಳಿಗೆ ಕೈಕೊಟ್ಟು ಮೇಲೆಳೆದುಕೊಳ್ಳುವಾಗ ಸೊಂಟದಲ್ಲಿ ಚಳಕ್ ಎಂದಿತು. ಬೆಳಗಾಗುವಷ್ಟರಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗಲಿಲ್ಲ. ಮೇಲಿನವರು ಮೊದಲು ಕೇಳಿದ್ದು, "ಮಂಡಿ ಬಗ್ಗಿಸಿ ಎತ್ತಿದಿರಾ? ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದೆವಲ್ಲ?"

ಆರು ವಾರ ಮಲಗಿದ್ದಾಗ ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಬೇರೆ ಬೇರೆ ದೇಶಗಳ ಕಾನೂನು ಈ ಬಗ್ಗೆ ಏನೆನ್ನುತ್ತದೆ ಎಂದು ಓದತೊಡಗಿದೆ.

ಯುರೋಪಿನ 1990ರ ನಿರ್ದೇಶನ ಓದಿದಾಗ ಕಣ್ಣು ತುಂಬಿ ಬಂತು. ಕೈಯಿಂದ ಎತ್ತುವ ಪ್ರಸಂಗವೇ ಬರದಂತೆ ಮಾಲೀಕರು ಕೆಲಸವನ್ನು ಏರ್ಪಡಿಸಬೇಕು, ಅದು ಆಗದಿದ್ದರೆ ಮಾತ್ರ ಅಪಾಯವನ್ನು ಅಳೆದು ತಗ್ಗಿಸಬೇಕು ಎನ್ನುತ್ತದೆ ಅದು. ತರಬೇತಿಯೂ ಇದೆ, ಆದರೆ ಇವೆರಡರ ಬದಲಿಗೆ ಅಲ್ಲ. ಬ್ರಿಟನ್ 1992ರ ನಿಯಮಗಳಲ್ಲಿ ಇದೇ ಕ್ರಮವನ್ನು ತಂದಿತು. ಎತ್ತುವ ವಿಧಾನ ಕಲಿಸಿದ ಮಾತ್ರಕ್ಕೆ ಬೆನ್ನುನೋವು ತಪ್ಪುವುದಿಲ್ಲ ಎಂಬುದನ್ನು, ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿನೋಡುವ ಕಾಕ್ರೇನ್ ವಿಮರ್ಶೆಗಳೂ ಹೇಳಿವೆ.

ತೂಕದ ಮಿತಿ ಹಾಕುವುದು ಇನ್ನೊಂದು ದಾರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು ಗಂಡಸರಿಗೆ 55 ಕೆ.ಜಿ. ಎಂದಿತ್ತು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆಯ ಸೂತ್ರದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ 23 ಕೆ.ಜಿ.ಯೇ ಮಿತಿ. ರೋಗಿಗಳ ವಿಷಯದಲ್ಲಿ ಸುಮಾರು 16 ಕೆ.ಜಿ. ದಾಟಬಾರದು ಎಂಬ ಲೆಕ್ಕ 2007ರಲ್ಲಿ ಬಂತು. ದೊಡ್ಡ ಆಳಿನ ಒಂದು ಕಾಲೇ ಹತ್ತಿರ ಹತ್ತಿರ ಅಷ್ಟು ತೂಗುತ್ತದೆ! ಪೆಟ್ಟಿಗೆಗಾದರೆ ಹಿಡಿಕೆ ಇರುತ್ತದೆ. ಮನುಷ್ಯರು ಹೆದರುತ್ತಾರೆ, ನಡುವೆಯೇ ನಮ್ಮ ಕುತ್ತಿಗೆಗೆ ಜೋತುಬೀಳುತ್ತಾರೆ. ಜಪಾನಿನ 2013ರ ಮಾರ್ಗಸೂಚಿ ಇದನ್ನು ಸರಿಯಾಗಿ ಹಿಡಿದಿದೆ: ಆರೈಕೆಯ ಕೆಲಸದಲ್ಲಿ ಜನರನ್ನು ಕೈಯಿಂದ ಎತ್ತಿಸುವುದೇ ಬೇಡ.

ಅಮೆರಿಕದ ಕತೆ ಓದಿ ಸಂಕಟವಾಯಿತು. ಹತ್ತು ವರ್ಷ ತಯಾರಿ ನಡೆಸಿ 2000ದ ನವೆಂಬರಿನಲ್ಲಿ ಹೊರಡಿಸಿದ ಎರ್ಗನಾಮಿಕ್ಸ್ ನಿಯಮವನ್ನು, ಅಂದರೆ ಕೆಲಸವನ್ನು ಮೈಗೆ ಹೊಂದುವಂತೆ ಏರ್ಪಡಿಸಬೇಕೆಂಬ ನಿಯಮವನ್ನು, 2001ರ ಮಾರ್ಚಿನಲ್ಲಿ ಅಲ್ಲಿನ ಸಂಸತ್ತೇ ರದ್ದುಮಾಡಿತು. ಮುಂದೆ ಟೆಕ್ಸಾಸ್‌ನಂಥ ಕೆಲವು ರಾಜ್ಯಗಳು ರೋಗಿಗಳನ್ನು ಎತ್ತುವ ವಿಷಯಕ್ಕೆ ಮಾತ್ರ ತಮ್ಮದೇ ಕಾನೂನು ಮಾಡಿಕೊಂಡವು.

ಕಾನೂನು ಬರೆದರಷ್ಟೇ ಸಾಲದು, ಇನ್‌ಸ್ಪೆಕ್ಟರ್ ಬಂದಾಗ ಏನು ನೋಡುತ್ತಾರೆ ಎಂಬುದೂ ಮುಖ್ಯ. ತರಬೇತಿಯ ಹಾಜರಿ ಪುಸ್ತಕ ನೋಡಿದರೆ ಅದರಲ್ಲಿ ನನ್ನ ಸಹಿ ಇದೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ವಾರ್ಡಿಗೆ ಬಂದು ಎಷ್ಟು ರೋಗಿಗಳಿಗೆ ಎಷ್ಟು ಜನ ಎಂದು ಎಣಿಸಲಿ, ರೋಗಿಯನ್ನು ಎತ್ತುವ ಹಾಯ್ಸ್ಟ್ ಎಲ್ಲಿದೆ ಎಂದು ಕೇಳಲಿ. ನಮ್ಮಲ್ಲೂ ಒಂದಿತ್ತು. ಕೆಳಮಹಡಿಯ ಸ್ಟೋರ್‌ನಲ್ಲಿ, ಬೀಗದೊಳಗೆ, ಬ್ಯಾಟರಿ ಚಾರ್ಜ್ ಇಲ್ಲದೆ.