ರಖಾಲ್ ಮರದ ಬುಡದಲ್ಲಿ

ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ ಹೋಗಿ ಐದು ದಿನ ಇದ್ದೆ. ಬರೆಯಲೇಬೇಕು ಅನ್ನಿಸಿದ್ದು ಒಂದು ಮಧ್ಯಾಹ್ನದ ಬಗ್ಗೆ ಮಾತ್ರ.

ಮೊದಲು ಒಂದು ಕಿವಿಮಾತು. ಅಲ್ಲಿನ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗೆ ಹೋಗಲು ಪರ್ಮಿಟ್ ಬೇಕು. "ಎಲ್ಲಾ ಮಾಡಿಸಿದ್ದೀವಿ" ಎಂದಿದ್ದ ಟ್ರೆಕ್ಕಿಂಗ್ ಕಂಪನಿಯವರು ಮಾಡಿಸಿರಲೇ ಇಲ್ಲ. ನನ್ನ ಅರ್ಧ ದಿನ ಹಾಳಾಯಿತು. ಪರ್ಮಿಟ್ ಕಣ್ಣಾರೆ ನೋಡುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಗುಶೈನಿಯಿಂದ ಹೊಳೆಯ ಪಕ್ಕದಲ್ಲೇ ನಡೆದು ರೋಲ್ಲಾ. ಅಲ್ಲಿಂದ ಏರು ದಾರಿ. ಜೊತೆಯವರೆಲ್ಲ ದೇವದಾರುಗಳ ಫೋಟೋ ತೆಗೆಯುತ್ತಿದ್ದರು. ನಾನು ಬಂದಿದ್ದು ಆ ದೊಡ್ಡ ಮರಗಳ ನೆರಳಿನಲ್ಲೇ ಬೆಳೆಯುವ ಹಿಮಾಲಯನ್ ಯೂ ನೋಡಲು. ಅಲ್ಲಿನವರು ಅದನ್ನು ರಖಾಲ್ ಅನ್ನುತ್ತಾರೆ. ಅಳಿವಿನ ಅಪಾಯದಲ್ಲಿರುವ ಮರ.

"ಇದೇ ನೋಡು ಬೇಟಿ" ಎಂದರು ನಮ್ಮ ಗೈಡ್. ಕೆಂಪು ಮಿಶ್ರಿತ ಕಂದು ತೊಗಟೆ, ತೆಳುವಾಗಿ ಸುಲಿದುಕೊಂಡಿತ್ತು. ಕಡ್ಡಿಯ ಎರಡೂ ಬದಿಗೆ ಬಾಚಣಿಗೆ ಹಲ್ಲಿನಂಥ ಚಪ್ಪಟೆ ಎಲೆ. ಪೈನ್ ಮರದ ಬಂಧುವೇ ಆದರೂ ಅದರಂಥ ಗಟ್ಟಿ ಕಾಯಿ ಇಲ್ಲ. ಮೆತ್ತಗಿನ ಕೆಂಪು ಬಟ್ಟಲು, ಒಳಗೆ ಒಂದೇ ಕಪ್ಪು ಬೀಜ. ಥೇಟ್ ಗುಲಗಂಜಿ! ಗುಲಗಂಜಿಯ ಹಾಗೇ ಬೀಜ ವಿಷ ಕೂಡ.

ಅಲ್ಲೇ ಕೂತೆವು. ನಾನು ಅಮ್ಮನ ವಿಷಯ ಹೇಳಿದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅಮ್ಮನಿಗೆ ಏರಿಸಿದ ಕಿಮೋ ಔಷಧಿಯ ಹೆಸರು ಪ್ಯಾಕ್ಲಿಟಾಕ್ಸೆಲ್. ಮೊದಲು ಸಿಕ್ಕಿದ್ದು ಅಮೆರಿಕದಲ್ಲಿ ಬೆಳೆಯುವ ಯೂ ಮರದ ತೊಗಟೆಯಲ್ಲಿ. ಆಮೇಲೆ ಕಣ್ಣು ಹಿಮಾಲಯದ ಮರಗಳ ಮೇಲೂ ಬಿತ್ತು.

ಗೈಡ್ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಮ್ಮಜ್ಜಿ ಚಹಾಕ್ಕೆ ಚೂರು ತೊಗಟೆ ಕೆತ್ತುತ್ತಿದ್ದಳು. ಮರಕ್ಕೆ ಏನೂ ಆಗ್ತಿರಲಿಲ್ಲ. ಆಮೇಲೆ ವ್ಯಾಪಾರಿಗಳು ಬಂದರು. ಕೆಜಿ ಲೆಕ್ಕ. ಸುತ್ತಲೂ ಸುಲಿದುಬಿಟ್ಟರು. ನಿಂತಲ್ಲೇ ಒಣಗಿದವು."

ಸುತ್ತ ಸುಲಿದರೆ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದಿಲ್ಲ. ಮೊದಲೇ ಬಹಳ ನಿಧಾನಕ್ಕೆ ಬೆಳೆಯುವ ಮರ. ಈಗ ಇದೇ ಔಷಧಿಯನ್ನು ಎಲೆಯಿಂದ ತೆಗೆದ ಅಂಶದಿಂದಲೂ, ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳಿಂದಲೂ ಮಾಡುತ್ತಾರೆ. ಈ ದಾರಿ ಮೊದಲೇ ಸಿಕ್ಕಿದ್ದರೆ ಎಷ್ಟು ಮರ ಉಳಿಯುತ್ತಿದ್ದವೋ!

"ಅಮ್ಮ ಈಗ ಹೇಗಿದ್ದಾರೆ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಅವರು ಎದ್ದು ಮರದ ಇನ್ನೊಂದು ಬದಿ ತೋರಿಸಿದರು. ಅಂಗೈಯಗಲ ಹಳೇ ಗಾಯ. ಅಂಚಿನ ತೊಗಟೆ ದಪ್ಪವಾಗಿ ಒಳಕ್ಕೆ ಮಡಚಿಕೊಂಡು ಬರುತ್ತಿತ್ತು.

ಮನೆಗೆ ಬಂದು ಫೋಟೋ ತೋರಿಸಿದೆ. ಅಮ್ಮ ಎರಡು ಬೆರಳಲ್ಲಿ ಆ ಗಾಯವನ್ನೇ ದೊಡ್ಡದು ಮಾಡಿ ನೋಡಿದರು. "ಇದು ಪೂರ್ತಿ ಮುಚ್ಕೊಳ್ಳುತ್ತೇನೇ?"