ಜೆಫ್ರೀಸ್‌ನ ಜೋಡಿ ಯಾರು?

ಅಮೆರಿಕದ ಬಾಕ್ಸರ್ ಜೇಮ್ಸ್ ಜೆಫ್ರೀಸ್ ಸೋಲಿಸಿದವರ ಪಟ್ಟಿ ನೋಡಿದರೆ ಕಣ್ಣರಳುತ್ತದೆ. ಪೀಟರ್ ಜಾಕ್ಸನ್, ಬಾಬ್ ಫಿಟ್ಜ್‌ಸಿಮನ್ಸ್, ಟಾಮ್ ಶಾರ್ಕಿ, ಜಿಮ್ ಕಾರ್ಬೆಟ್. 1899ರಲ್ಲಿ ಹೆವಿವೇಟ್ ಚಾಂಪಿಯನ್ ಆದವನು 1905ರಲ್ಲಿ ಒಂದೂ ಸೋಲಿಲ್ಲದೆ ಪಟ್ಟ ಬಿಟ್ಟ. ಇವನಿಗಿಂತ ದೊಡ್ಡವನು ಯಾರಿದ್ದಾರೆ ಅಂತ ನನಗೂ ಅನಿಸಿತ್ತು.

ನಮ್ಮಪ್ಪ ಗರಡಿ ಮನೆಯಲ್ಲಿ ಬೆಳೆದವರು. ಯಾವ ಪೈಲ್ವಾನ್ ಗೆದ್ದ ಅಂದರೂ ಮೊದಲು ಕೇಳುತ್ತಿದ್ದದ್ದು, "ಜೋಡಿ ಯಾರು?" ಅಂದರೆ, ಎದುರಿಗೆ ಆಡಿದವನು ಯಾರು ಅಂತ. ಆಮೇಲೆ ಅವನ ವಯಸ್ಸೆಷ್ಟು, ತೂಕ ಎಷ್ಟು, ಈಚೆಗೆ ಎಲ್ಲಿ ಆಡಿದ್ದ. ಅದೇ ಪ್ರಶ್ನೆಗಳನ್ನಿಟ್ಟುಕೊಂಡು ಜೆಫ್ರೀಸ್‌ನ ಎದುರಾಳಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ.

ಜಾಕ್ಸನ್ ಹೆಸರಿಗೆ ಬಂದಾಗ ಸಂಕಟವಾಯಿತು. 1891ರಲ್ಲಿ ಕಾರ್ಬೆಟ್ ಜೊತೆ 61 ರೌಂಡ್ ನಿಂತ ಮನುಷ್ಯ ಇವನು. ಕಪ್ಪು ಬಣ್ಣದವನು ಅಂತ ಆಗಿನ ಚಾಂಪಿಯನ್ ಜಾನ್ ಸುಲಿವನ್ ಇವನ ಜೊತೆ ಆಡಲೇ ಇಲ್ಲ. 1898ರಲ್ಲಿ ಜೆಫ್ರೀಸ್ ಇವನನ್ನು ಮೂರೇ ರೌಂಡಿನಲ್ಲಿ ಮುಗಿಸಿದ. ಆದರೆ ಆಗ ಜಾಕ್ಸನ್‌ಗೆ 36 ವರ್ಷ. ದೊಡ್ಡ ಪಂದ್ಯ ಆಡಿ ಸುಮಾರು ಆರು ವರ್ಷವಾಗಿತ್ತು. 1901ರಲ್ಲಿ ಕ್ಷಯದಿಂದ ತೀರಿಕೊಂಡ. ಈ ಗೆಲುವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫಿಟ್ಜ್‌ಸಿಮನ್ಸ್ ವಿಷಯ ಅಷ್ಟು ಸುಲಭವಲ್ಲ. 1899ರಲ್ಲಿ ಜೆಫ್ರೀಸ್ ಕೈಯಲ್ಲಿ ಪಟ್ಟ ಸೋತಾಗ ಅವನಿಗೂ 36. ಎರಡು ವರ್ಷದಿಂದ ಪಂದ್ಯ ಆಡಿರಲಿಲ್ಲ, ತೂಕವೂ ಜೆಫ್ರೀಸ್‌ಗಿಂತ ಸುಮಾರು 40 ಪೌಂಡ್ ಕಡಿಮೆ. ಮುದುಕ ಅಂತ ಬರೆದುಬಿಟ್ಟಿದ್ದೆ. ಆದರೆ ಇದೇ ಮುದುಕ 1900ರ ಆಗಸ್ಟ್ ಒಂದೇ ತಿಂಗಳಲ್ಲಿ ಗಸ್ ರೂಲಿನ್, ಶಾರ್ಕಿ ಇಬ್ಬರನ್ನೂ ನಾಕೌಟ್ ಮಾಡಿದ. 1902ರಲ್ಲಿ, 39ನೇ ವಯಸ್ಸಿನಲ್ಲಿ, ಜೆಫ್ರೀಸ್‌ನ ಮೂಗು ಮುರಿದು ಮುಖವೆಲ್ಲ ರಕ್ತ ಮಾಡಿ, ಎಂಟನೇ ರೌಂಡಿನಲ್ಲಿ ಬಿದ್ದ. ಬರೆದದ್ದನ್ನು ಹೊಡೆದು ಹಾಕಿದೆ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಶಾರ್ಕಿ ಪಂದ್ಯ. 1899ರ ನವೆಂಬರ್, ನ್ಯೂಯಾರ್ಕಿನ ಕೋನಿ ಐಲೆಂಡ್. ಇಬ್ಬರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು, ಇಬ್ಬರೂ ಆಟದಲ್ಲಿದ್ದವರು. ಸಿನಿಮಾ ತೆಗೆಯಲು ತಲೆಯ ಮೇಲೆ ನೂರಾರು ಆರ್ಕ್ ದೀಪ ತೂಗುಹಾಕಿದ್ದರು. ಆ ಬೆಂಕಿಯಂಥ ಶಾಖದಲ್ಲಿ 25 ರೌಂಡ್! ಶಾರ್ಕಿಯ ಪಕ್ಕೆಲುಬು ಮುರಿಯಿತು, ಆದರೂ ಕೊನೆಯವರೆಗೂ ನಿಂತೇ ಇದ್ದ. ಜೆಫ್ರೀಸ್ ತೀರ್ಪಿನ ಮೇಲೆ ಗೆದ್ದ. ಇದು ಸರಿಯಾದ ಜೋಡಿ ಅಲ್ವಾ?

ಕಾರ್ಬೆಟ್ ಜೊತೆ ಎರಡು ಸಲ ಆಡಿದ. 1900ರಲ್ಲಿ 23ನೇ ರೌಂಡಿನವರೆಗೂ ಜೆಫ್ರೀಸ್‌ನನ್ನು ಆಟವಾಡಿಸಿದ ಕಾರ್ಬೆಟ್ ಬೇರೆ, ಮೂರು ವರ್ಷ ಸುಮ್ನೆ ಕೂತು 1903ರಲ್ಲಿ ಬಂದವನು ಬೇರೆ. ಮೊದಲನೆಯದಕ್ಕೆ ಪೂರ್ತಿ ಮಾರ್ಕು ಕೊಡುತ್ತೇನೆ.

ಪಟ್ಟಿಯಲ್ಲಿ ಇಲ್ಲದವನನ್ನೂ ನೋಡಬೇಕು. 1903ರ ಹೊತ್ತಿಗೆ ಜಾಕ್ ಜಾನ್ಸನ್ ಎಂಬ ಕಪ್ಪು ಬಾಕ್ಸರ್ ಸವಾಲು ಹಾಕುತ್ತಿದ್ದ. ಕಪ್ಪು ಬಣ್ಣದವರಿಗೆ ಪಟ್ಟಕ್ಕೆ ಆಡಲು ಅವಕಾಶ ಕೊಡುವುದಿಲ್ಲ ಅಂದ ಜೆಫ್ರೀಸ್, 1904ರಲ್ಲಿ ಜ್ಯಾಕ್ ಮನ್ರೋ ಎಂಬ ಗಣಿ ಕಾರ್ಮಿಕನ ಜೊತೆ ಆಡಿ ಎರಡೇ ರೌಂಡಿನಲ್ಲಿ ಗೆದ್ದ. ಇದು ನನಗೆ ಇವತ್ತಿಗೂ ಬೇಸರ ತರುತ್ತದೆ.

ಕೊನೆಗೆ ಜಾನ್ಸನ್ ಜೊತೆ ಆಡಿದ್ದು 1910ರ ಜುಲೈ 4ರಂದು, ರೀನೋದಲ್ಲಿ. 15ನೇ ರೌಂಡಿನಲ್ಲಿ ಸೋತ. ಈಗ ಜಾನ್ಸನ್ ಹೆಸರಿನಲ್ಲೂ ಒಂದು ಪುಟ ಶುರು ಮಾಡಿದ್ದೇನೆ. ಅದರಲ್ಲಿ ಹೀಗೆ ಬರೆದಿದೆ: ಜೆಫ್ರೀಸ್, ವಯಸ್ಸು 35, ಹಿಂದಿನ ಪಂದ್ಯ ಆಡಿ ಸುಮಾರು ಆರು ವರ್ಷ.